ಕದ್ದ ಕಡ್ಡಿ, ಕೊಟ್ಟ ಕುಂಡ

ನಮ್ಮ ಬಾಲ್ಕನಿಯ ಫೋಟೋ ಹಾಕಿದಾಗಲೆಲ್ಲ ಕೆಳಗೆ ಒಂದೇ ಥರದ ಕಾಮೆಂಟುಗಳು ಬೀಳುತ್ತವೆ. ಅಕ್ಕಾ, ಪುಣ್ಯವಂತರು ನೀವು, ಮನೆ ತುಂಬಾ ಆಕ್ಸಿಜನ್. ಅಕ್ಕಾ, ಬೆಡ್‌ರೂಮಿನಲ್ಲಿ ಯಾವ ಗಿಡ ಇಟ್ಟರೆ ನಿದ್ದೆ ಬರುತ್ತೆ. ಅಕ್ಕಾ, ಬಿಪಿಗೆ ಯಾವುದು, ಶುಗರಿಗೆ ಯಾವುದು. ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳುವ ಹಾಗೆ ಗಿಡ ಕೇಳುತ್ತಾರೆ. ಇಷ್ಟು ದಿನ ಒಂದು ಕೈಮುಗಿದ ಚಿತ್ರ ಅಂಟಿಸಿ ಸುಮ್ಮನಾಗುತ್ತಿದ್ದೆ. ಇವತ್ತು ಉತ್ತರ ಬರೆಯುತ್ತೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ಮನೆಯಲ್ಲಿ ಗಿಡ ಇಟ್ಟುಕೊಂಡರೆ ಆರೋಗ್ಯ ಸುಧಾರಿಸುತ್ತದಾ ಅಂದರೆ, ಸುಧಾರಿಸುತ್ತದೆ. ಕಣ್ಣಾರೆ ನೋಡಿದ್ದೇನೆ. ಮನೆ ತುಂಬಾ ಗಿಡ ಆದ ಮೇಲೆ ಅದೇ ಆರೋಗ್ಯ ಕೆಟ್ಟು ಕೂತಿದ್ದನ್ನೂ ನೋಡಿದ್ದೇನೆ. ಎರಡೂ ಆಗಿದ್ದು ಒಬ್ಬರಿಗೇ, ನಮ್ಮ ಅತ್ತೆಗೆ.

ಅತ್ತೆ ಮಾಗಡಿ ಕಡೆಯವರು. ಮದುವೆಯಾಗಿ ಬಂದದ್ದು ಓಕಳಿಪುರಂನಲ್ಲಿ ರೈಲು ಹಳಿಯ ಪಕ್ಕದ ಮನೆಗೆ. ಅಲ್ಲಿ ಬಿಸಿಲು ಬೀಳುತ್ತಿದ್ದದ್ದು ಒಂದು ಕಿಟಕಿಯ ಮೂಲೆಗೆ ಮಾತ್ರ. ಆ ಮೂಲೆಯಲ್ಲಿ ಎಣ್ಣೆ ಡಬ್ಬಿಯಲ್ಲಿ ಒಂದು ತುಳಸಿ ಇತ್ತು, ರೈಲು ಹೋದಾಗಲೆಲ್ಲ ಅದೂ ನಡುಗುತ್ತಿತ್ತು ಅನ್ನುತ್ತಿದ್ದರು. ಮಾವ ತೀರಿಕೊಂಡ ಮೇಲೆ ಬಸವನಗುಡಿಗೆ, ನಮ್ಮ ಜೊತೆಗೆ ಬಂದರು. ಹಳೇ ಮನೆಯೊಂದರ ಮಹಡಿಯಲ್ಲಿ ನಾವು ಬಾಡಿಗೆಗಿದ್ದೇವೆ. ರಸ್ತೆಯ ಕಡೆಗೆ ಅಗಲವಾದ ಬಾಲ್ಕನಿ, ಬೆಳಗಿನ ಬಿಸಿಲು ನೇರವಾಗಿ ಒಳಗೆ ಬರುತ್ತದೆ. ಬಂದ ಮಾರನೇ ದಿನ ಅತ್ತೆ ಅಲ್ಲಿ ನಿಂತು ನೋಡಿ, "ಇಷ್ಟೊಂದು ಬಿಸ್ಲು ಸುಮ್ನೆ ಬಿದ್ದು ಹಾಳಾಗ್ತಿದ್ಯಲ್ಲಮ್ಮ" ಅಂದರು. ನಾನು ಅಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅದು ಅವರ ಲೆಕ್ಕಕ್ಕೆ ಬರಲಿಲ್ಲ.

ಆ ವರ್ಷವೇ ಅವರಿಗೆ ಶುಗರ್ ಇದೆ ಅಂತ ಗೊತ್ತಾಯಿತು. ಕಾಲು ಜೋಮು ಹಿಡಿಯುತ್ತದೆ ಅಂತ ಗಾಂಧಿ ಬಜಾರಿನ ಹತ್ತಿರದ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಮಾತ್ರೆ ಬರೆದರು, ಆಮೇಲೆ ಪೆನ್ನು ಕೆಳಗಿಟ್ಟು, "ಅಮ್ಮ, ಮಾತ್ರೆ ಅರ್ಧ ಕೆಲ್ಸ ಮಾಡುತ್ತೆ. ಮಿಕ್ಕಿದ್ದು ನಿಮ್ಮ ಕಾಲು ಮಾಡ್ಬೇಕು. ದಿನಾ ನಡೀರಿ. ಕೂತ್ಕೊಂಡ್ಬಿಟ್ರೆ ಆಮೇಲೆ ಎಬ್ಬಿಸೋದು ಕಷ್ಟ" ಅಂದರು.

ನಮ್ಮ ಮನೆಯವರು ಅಂದು ಸಂಜೆಯೇ ಅಮ್ಮನಿಗೆ ಬಿಳಿ ಶೂ ತಂದರು. ಅತ್ತೆಯನ್ನು ಪಾರ್ಕಿಗೆ ಕರೆದುಕೊಂಡು ಹೋದದ್ದು ನಾನು. ಅವರು ಒಂದು ಸುತ್ತು ಬಂದು ಕಲ್ಲು ಬೆಂಚಿನ ಮೇಲೆ ಕೂತು, ಸುತ್ತುವವರನ್ನು ನೋಡುತ್ತಾ ಉಳಿದರು.

"ಇವ್ರೆಲ್ಲ ಎಲ್ಲಿಗೆ ಹೋಗ್ತಿದಾರೆ?"

"ಎಲ್ಲಿಗೂ ಇಲ್ಲ ಅತ್ತೆ. ವಾಕಿಂಗು."

"ಎಲ್ಲಿಗೂ ಇಲ್ಲ ಅಂದ್ಮೇಲೆ ಯಾಕೆ ಇಷ್ಟು ಅವಸರ? ಗಾಣದೆತ್ತು ಸುತ್ತಿದ್ರೆ ಎಣ್ಣೆನಾದ್ರೂ ಬರುತ್ತೆ."

ಶೂ ಮತ್ತೆ ಕಾಲಿಗೆ ಏರಲಿಲ್ಲ. ಅದರ ಡಬ್ಬಿಯಲ್ಲಿ ಬೆಳ್ಳುಳ್ಳಿ ಹಾಕಿಟ್ಟರು. ನಾನೂ ನಮ್ಮ ಮನೆಯವರೂ ಗೋಗರೆದೆವು, ಗದರಿದೆವು, ಮೊಬೈಲಿನಲ್ಲಿ ಹೆಜ್ಜೆ ಎಣಿಸುವುದನ್ನು ತೋರಿಸಿದೆವು. ಅತ್ತೆ ಜಗ್ಗಲಿಲ್ಲ. ಸುಮ್ಮನೆ ನಡೆಯುವುದು ಅವರ ಪ್ರಕಾರ ಕೆಲಸವಿಲ್ಲದವರು ತಾವು ಕೆಲಸವಿಲ್ಲದವರು ಅಂತ ಊರಿಗೆ ತೋರಿಸಿಕೊಳ್ಳುವ ರೀತಿ.

ಒಂದು ದಿನ ಬೆಳಗ್ಗೆ ಹಾಲು ತರಲು ಹೋದವರು ತುಂಬಾ ಹೊತ್ತು ಬರಲಿಲ್ಲ. ಹಾಲಿನ ಬೂತು ಇರುವುದು ಬೀದಿಯ ಕೊನೆಯಲ್ಲಿ. ನಾನು ಗಾಬರಿಯಾಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದರು. ಬಟ್ಟೆ ಬ್ಯಾಗಿನಲ್ಲಿ ಹಾಲಿನ ಪ್ಯಾಕೆಟ್ಟು, ಅದರ ಪಕ್ಕದಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿದ ಒಂದು ಕ್ರೋಟನ್ ಕಡ್ಡಿ. ಕೆಂಪು, ಹಳದಿ, ಹಸಿರು ಮೂರೂ ಇರುವ ಎಲೆ.

"ಎಲ್ಲಿ ಸಿಕ್ತು ಅತ್ತೆ?"

"ಸಿಗ್ಲಿಲ್ಲ. ಮುರ್ಕೊಂಡ್ ಬಂದೆ."

"ಕೇಳಿದ್ರಾ ಅವರನ್ನ?"

ಅತ್ತೆ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. "ಕೇಳಿ ತಂದ ಕಡ್ಡಿ ಬೇರು ಬಿಡುತ್ತೇನಮ್ಮ?"

ನಮ್ಮಲ್ಲಿ ಈ ನಂಬಿಕೆ ಬಹಳ ಮನೆಗಳಲ್ಲಿ ಇದೆ, ನೀವೂ ಕೇಳಿರುತ್ತೀರಿ. ಮನಿ ಪ್ಲಾಂಟನ್ನು ಕದ್ದು ತಂದರೇ ಚೆನ್ನಾಗಿ ಬರುವುದು ಅಂತಾರೆ. ಅತ್ತೆ ಅದನ್ನು ಸಕಲ ಸಸ್ಯಗಳಿಗೂ ವಿಸ್ತರಿಸಿದ್ದರು. ಅದಕ್ಕೆ ಕಟ್ಟುನಿಟ್ಟಿನ ಕಾನೂನೂ ಇತ್ತು. ಬೇರು ಸಮೇತ ಕೀಳಬಾರದು. ಒಂದೇ ಗಿಡ ಇರುವ ಮನೆಯಿಂದ ಮುರಿಯಬಾರದು. ತುಳಸಿಯನ್ನು ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹೂವು ಕೀಳಬಾರದು. ಬೆಳಗಾಗುವ ಮೊದಲೇ ಕೊಕ್ಕೆ ಕೋಲು, ಪ್ಲಾಸ್ಟಿಕ್ ಕವರು ಹಿಡಿದು ಕಂಡವರ ಕಾಂಪೌಂಡಿನ ದಾಸವಾಳ ಬೋಳಿಸುವ ಗಂಡಸರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

"ಕಂಡೋರ್ ಮನೆ ಹೂವಲ್ಲಿ ಇವ್ರ ದೇವ್ರಿಗೆ ಪೂಜೆ. ಪುಣ್ಯ ಯಾರ ಮನೇಗ್ ಹೋಗುತ್ತೆ ಅಂತ ಒಂದ್ಸಲ ಯೋಚ್ನೆ ಮಾಡಿದಾರಾ? ಹೂವು ಕಿತ್ರೆ ಅವ್ರಿಗೆ ಇಲ್ಲ. ಕಡ್ಡಿ ಮುರಿದ್ರೆ ಅಲ್ಲೂ ಚಿಗುರುತ್ತೆ, ಇಲ್ಲೂ ಚಿಗುರುತ್ತೆ. ಅದು ಕಳ್ತನ, ಇದು ಅಲ್ಲ."

ಹೀಗೆ ನಮ್ಮ ಅತ್ತೆ ನಡೆಯತೊಡಗಿದರು. ಅದಕ್ಕೆ ವಾಕಿಂಗು ಅನ್ನುವ ಹೆಸರು ಅವರ ಮುಂದೆ ಯಾರೂ ಎತ್ತಲಿಲ್ಲ. ಮೊದಲು ನಮ್ಮ ಬೀದಿ, ಆಮೇಲೆ ಅಕ್ಕಪಕ್ಕದ ಕ್ರಾಸುಗಳು. ಹಳೇ ಬಂಗಲೆಗಳ ಕಾಂಪೌಂಡಿನಿಂದ ಆಚೆ ಬಾಗಿದ ಕೊಂಬೆಗಳೆಲ್ಲ ಅವರಿಗೆ ಗೊತ್ತು. ಇಲ್ಲಿನ ಕನಕಾಂಬರ ಇನ್ನೂ ಎಳಸು, ಅಲ್ಲಿನ ಬ್ರಹ್ಮಕಮಲದ ಎಲೆ ಬಲಿತಿದೆ, ಆ ನಾಯಿ ಇರುವ ಮನೆಯವರು ಶನಿವಾರ ದೇವಸ್ಥಾನಕ್ಕೆ ಹೋಗುತ್ತಾರೆ. ಒಮ್ಮೊಮ್ಮೆ ರಾಮಕೃಷ್ಣ ಆಶ್ರಮದ ಸರ್ಕಲ್ಲು ದಾಟಿ ಚಾಮರಾಜಪೇಟೆಯ ತನಕ ಹೋಗಿ ಆಟೋದಲ್ಲಿ ವಾಪಸು ಬಂದದ್ದೂ ಉಂಟು. ಬ್ಯಾಗಿನಲ್ಲಿ ಏನಿಲ್ಲದಿದ್ದರೂ ಒಂದು ದೊಡ್ಡಪತ್ರೆ ಕಡ್ಡಿ. ಕುಂಡ ಅಂತ ನಾವು ಒಂದನ್ನೂ ಕೊಂಡಿರಲಿಲ್ಲ. ಪೇಂಟ್ ಬಕೆಟ್ಟು, ತಳ ಸುಟ್ಟ ಕುಕ್ಕರು, ಹಿಡಿ ಮುರಿದ ಮಗ್ಗು, ಎಲ್ಲದರಲ್ಲೂ ಗಿಡ.

ಒಂದು ಭಾನುವಾರ ಅವರ ಜೊತೆ ಹೋದೆ. ಆ ದಿನ ನೋಡಿದ್ದನ್ನು ಹೇಳಿದರೆ ಮುಂದಿನದು ನಿಮಗೆ ಅರ್ಥವಾಗುತ್ತದೆ.

ನಮ್ಮ ಪಕ್ಕದ ಕ್ರಾಸಿನ ಮೂಲೆಯಲ್ಲಿ ಒಂದು ಹಳೇ ಮನೆ. ಕೆಂಪು ಗಾರೆಯ ಜಗಲಿ, ಮುಂದೆ ಗಿಡಗಳ ಸಾಲು. ಜಗಲಿಯ ಬೆತ್ತದ ಕುರ್ಚಿಯಲ್ಲಿ ಆ ಮನೆಯ ಯಜಮಾನಿ ಪೇಪರ್ ಓದುತ್ತಾ ಕೂತಿದ್ದರು. ಅತ್ತೆಗಿಂತ ಸ್ವಲ್ಪ ಚಿಕ್ಕವರಿರಬೇಕು. ನಾನು, "ಅತ್ತೆ, ಇವತ್ತು ಬೇಡ, ಮನೆಯೋರು ಅಲ್ಲೇ ಇದಾರೆ" ಅಂತ ಪಿಸುಗುಟ್ಟಿದೆ. ಅತ್ತೆ ನಿಲ್ಲಲಿಲ್ಲ. ಗೇಟಿನ ಹತ್ತಿರ ಹೋಗಿ ಒಂದು ಸಲ ಕೆಮ್ಮಿದರು. ಜಗಲಿಯಲ್ಲಿದ್ದವರು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದರು. ಅತ್ತೆ ಕೈ ಒಳಗೆ ಹಾಕಿ ಬಿಳಿ ನಂದಿಬಟ್ಟಲಿನ ಒಂದು ಕಡ್ಡಿಯನ್ನು ಗೆಣ್ಣಿನ ಕೆಳಗೆ ಚಟಕ್ಕನೆ ಮುರಿದು ಬ್ಯಾಗಿಗೆ ಹಾಕಿದರು. ನಾವು ಮೂಲೆ ತಿರುಗುವಾಗ ಹಿಂದೆ ನೋಡಿದೆ. ಪೇಪರು ಕೆಳಗಿಳಿದಿತ್ತು.

"ಅವ್ರಿಗೆ ಗೊತ್ತು ಅಲ್ವಾ ಅತ್ತೆ?"

"ಏನು ಗೊತ್ತು?"

"ನೀವು ಮುರ್ಕೊಂಡಿದ್ದು."

"ಅವ್ರು ಪೇಪರ್ ಓದ್ತಿದ್ರಲ್ಲ" ಅಂದರು ಅತ್ತೆ. ಸ್ವಲ್ಪ ದೂರ ಹೋದ ಮೇಲೆ ನಿಧಾನವಾಗಿ ಹೇಳಿದರು. "ನಮ್ಮೂರಲ್ಲಿ ಹಂಗೇನೆ. ನಿನ್ ಗಿಡದಿಂದ ಯಾರಾದ್ರೂ ಕಡ್ಡಿ ಮುರೀತಿದ್ರೆ ನೀನು ಮುಖ ಆ ಕಡೆ ತಿರುಗಿಸ್ಬೇಕು. ಮಾತಾಡಿಸಿದ್ರೆ ಅವ್ರು ಬಿಟ್ಟು ಹೋಗ್ತಾರೆ. ಆಮೇಲೆ ಎರಡು ಮನೇಲೂ ಗಿಡ ಒಣಗುತ್ತೆ."

ಆ ಇಬ್ಬರೂ ಯಾವತ್ತೂ ಒಂದು ಮಾತಾಡಿದವರಲ್ಲ. ಹೆಸರು ಗೊತ್ತಿರಲಿಲ್ಲ. ಹಬ್ಬಕ್ಕೆ ಕುಂಕುಮಕ್ಕೆ ಕರೆದವರಲ್ಲ. ಒಬ್ಬರು ಕೆಮ್ಮುತ್ತಿದ್ದರು, ಇನ್ನೊಬ್ಬರು ಪೇಪರ್ ಎತ್ತುತ್ತಿದ್ದರು. ವರ್ಷಗಟ್ಟಲೆ ಅದು ಹಾಗೆಯೇ ನಡೆಯಿತು.

ಶುಗರ್ ಹದ್ದುಬಸ್ತಿಗೆ ಬಂತು. ಡಾಕ್ಟರು ರಿಪೋರ್ಟು ನೋಡಿ ಖುಷಿಯಾಗಿ, "ಏನ್ ಮಾಡ್ತಿದೀರಾ ಅಮ್ಮ?" ಅಂದರು.

"ಏನಿಲ್ಲ ಡಾಕ್ಟ್ರೇ, ಮನೇಲಿ ನಾಕು ಗಿಡ ಇಟ್ಕೊಂಡಿದೀನಿ."

"ಒಳ್ಳೇದು ಒಳ್ಳೇದು. ಗಿಡ ಇದ್ರೆ ಗಾಳಿ ಶುದ್ಧ, ಮನಸ್ಸೂ ಹಗುರ" ಅಂದರು ಡಾಕ್ಟರು. ನಾನು ಪಕ್ಕದಲ್ಲಿ ಕೂತು ನಗು ತಡೆದುಕೊಂಡೆ. ಆ ದಿನ ಅತ್ತೆಗೆ ದೋಸೆ ಕೊಡಿಸಿ ಮನೆಗೆ ಕರೆದುಕೊಂಡು ಬಂದೆ.

ಮೂಲೆಮನೆಯ ಯಜಮಾನಿ ತೀರಿಕೊಂಡದ್ದು ನಮಗೆ ಗೊತ್ತಾದದ್ದೇ ತಡವಾಗಿ. ಗೇಟು ಕೆಲವು ದಿನ ತೆರೆದೇ ಇತ್ತು, ಚಪ್ಪಲಿಗಳು ರಾಶಿ ಬಿದ್ದಿದ್ದವು, ಆಮೇಲೆ ಜಗಲಿಯ ಕುರ್ಚಿ ಖಾಲಿ. ಅತ್ತೆ ಅವತ್ತು ಬರಿಗೈಯಲ್ಲಿ ಬಂದು, ಬಾಲ್ಕನಿಯಲ್ಲಿ ನಂದಿಬಟ್ಟಲಿನ ಪಕ್ಕ ಬಹಳ ಹೊತ್ತು ಕೂತಿದ್ದರು.

ಒಂದಷ್ಟು ತಿಂಗಳು ಆ ಕ್ರಾಸಿಗೆ ಹೋಗಲೇ ಇಲ್ಲ ಅವರು. ಮತ್ತೆ ಹೋದದ್ದು ಒಂದು ಮಳೆಗಾಲದ ಬೆಳಗ್ಗೆ. ಅಷ್ಟರಲ್ಲಿ ಆ ಮನೆಯಲ್ಲಿ ಒಬ್ಬರೇ ಉಳಿದಿದ್ದ ಯಜಮಾನರಿಗೆ ಅವರ ಅಳಿಯ ಗೇಟಿನ ಮೇಲೊಂದು ಕ್ಯಾಮೆರಾ ಹಾಕಿಸಿಕೊಟ್ಟಿದ್ದ. ಕ್ಯಾಮೆರಾಕ್ಕೆ ಮುಖ ತಿರುಗಿಸಲು ಬರುವುದಿಲ್ಲ.

ಆ ವಿಡಿಯೋ ನಮ್ಮ ಬಡಾವಣೆಯ ಮೊಬೈಲ್ ಗ್ರೂಪಿಗೆ ಬಂದಾಗ ನಾನು ಚಪಾತಿ ಬೇಯಿಸುತ್ತಿದ್ದೆ. ನಮ್ಮ ಮನೆಯವರು ಅಡುಗೆಮನೆಗೆ ಬಂದು ಫೋನು ನನ್ನ ಮುಖದ ಮುಂದೆ ಹಿಡಿದರು. ಮೇಲಿನಿಂದ ತೆಗೆದದ್ದು. ಬಟ್ಟೆ ಬ್ಯಾಗು ಹಿಡಿದ ಒಬ್ಬಾಕೆ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ, ಕೆಮ್ಮುತ್ತಾರೆ, ಕಾಯುತ್ತಾರೆ, ಅತ್ತಿತ್ತ ನೋಡುತ್ತಾರೆ, ಕೈ ಹಾಕುತ್ತಾರೆ. ಮೇಲೆ ಬರೆದಿತ್ತು, ಎಲ್ಲರೂ ಹುಷಾರಾಗಿರಿ, ಗಿಡ ಕದಿಯುವವರು ಬರುತ್ತಿದ್ದಾರೆ. ಕೆಳಗೆ ಸಾಲು ಸಾಲು. ಯಾರ್ರೀ ಈ ಅಜ್ಜಿ. ವಯಸ್ಸಾದ ಮೇಲೂ ಬುದ್ಧಿ ಬೇಡ್ವಾ. ನಮ್ಮ ಮನೆ ಕರಿಬೇವೂ ಇವರದೇ ಕೆಲಸ ಇರಬೇಕು.

"ಕರಿಬೇವು ಅಮ್ಮ ಮುಟ್ಟಲ್ಲ" ಅಂದರು ನಮ್ಮ ಮನೆಯವರು. ಅದಷ್ಟೇ ಅವರಿಗೆ ಹೇಳಲು ತೋಚಿದ್ದು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಏನದು, ಕೊಡಿಲ್ಲಿ."

ಕೊಡದೆ ಇರಲು ಆಗಲಿಲ್ಲ. ಅವರು ಫೋನನ್ನು ದೂರ ಹಿಡಿದು ನೋಡಿದರು, ಮತ್ತೊಮ್ಮೆ ಹಾಕು ಅಂದರು, ಮತ್ತೆ ನೋಡಿದರು. ಬೈಗುಳ ಓದಿದರೋ ಇಲ್ಲವೋ ಗೊತ್ತಿಲ್ಲ. ಅವರು ಕೇಳಿದ್ದು ಇಷ್ಟು.

"ನಾನು ಇಷ್ಟು ಬಗ್ಗಿ ನಡೀತೀನಾ?"

ನಾನು ಒಲೆ ಆರಿಸಿದೆ.

"ಮೇಲಿಂದ ನೋಡಿದ್ರೆ ನಿಜವಾಗ್ಲೂ ಕಳ್ಳಿ ಥರಾನೇ ಕಾಣ್ತೀನಿ" ಅಂದು ಫೋನು ವಾಪಸು ಕೊಟ್ಟರು.

"ಅಮ್ಮ, ನಿಂಗೆ ಗಿಡ ಬೇಕಿದ್ರೆ ಹೇಳು. ಯಾವ್ದ್ ಬೇಕೋ ನಾನ್ ತರ್ತೀನಿ" ಅಂದರು ನಮ್ಮ ಮನೆಯವರು. ತಂದರೂ ಕೂಡ. ಹಾವಿನ ಮೈಯ ಹಾಗೆ ಪಟ್ಟೆ ಇರುವ ಸ್ನೇಕ್ ಪ್ಲಾಂಟು, ದೊಡ್ಡ ಎಲೆಯ ಇನ್ನೇನೋ ಒಂದು, ಎಲ್ಲವೂ ಬಿಳಿ ಪಿಂಗಾಣಿ ಕುಂಡದಲ್ಲಿ. ಒಂದೊಂದರ ಕತ್ತಿನಲ್ಲೂ ಚೀಟಿ: ಮನೆಯೊಳಗಿನ ಗಾಳಿಯನ್ನು ಶುದ್ಧಗೊಳಿಸುತ್ತದೆ. ಅತ್ತೆ ಅವನ್ನು ಟಿ.ವಿ. ಪಕ್ಕದಲ್ಲಿ ಇಡಿಸಿದರು. ನೆಂಟರು ತಂದ ಸ್ವೀಟ್ ಬಾಕ್ಸಿನಂತೆ ಅವು ಅಲ್ಲೇ ಇದ್ದವು.

ಇಲ್ಲಿಗೆ ನಿಂತಿದ್ದರೆ ಅತ್ತೆ ಒಂದಷ್ಟು ದಿನ ಮುನಿಸಿಕೊಂಡು ಮತ್ತೆ ಬ್ಯಾಗು ತೆಗೆದುಕೊಂಡು ಹೊರಡುತ್ತಿದ್ದರು ಅಂತ ನನಗೆ ಈಗಲೂ ಅನ್ನಿಸುತ್ತದೆ. ಬೈದವರ ಮೇಲಿನ ಹಟಕ್ಕಾದರೂ ಹೋಗುತ್ತಿದ್ದರು. ಕೆಡಿಸಿದ್ದು ಬೈಗುಳವಲ್ಲ. ಆಮೇಲೆ ಬಂತಲ್ಲ ಒಳ್ಳೆಯತನ, ಅದು.

ಕೆಳಗಿನ ಮನೆಯ ಓನರಮ್ಮ ಆ ಗ್ರೂಪಿನಲ್ಲಿ ಸೀರೆ ಗುರುತು ಹಿಡಿದು ಬರೆದುಬಿಟ್ಟರು. ಇವರು ನಮ್ಮ ಮನೆಯ ಮೇಲಿರುವ ಅಜ್ಜಿ, ಶುಗರ್ ಪೇಷಂಟು, ಗಿಡ ಅಂದರೆ ಪ್ರಾಣ, ಒಂದು ಕಡ್ಡಿಗೋಸ್ಕರ ಹೀಗೆಲ್ಲ ಮಾತಾಡುವವರಿಗೆ ನಾಚಿಕೆಯಾಗಬೇಕು. ಅಷ್ಟೇ ಸಾಕಾಯಿತು. ಬೈದವರೆಲ್ಲ ಕೈಮುಗಿಯತೊಡಗಿದರು. ಅದೇ ಸಂಜೆ ಮೂಲೆಮನೆಯ ಯಜಮಾನರು ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು, ಎದೆಗೆ ಒಂದು ಕುಂಡ ಅವಚಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು.

"ತಪ್ಪಾಯ್ತು ತಾಯಿ. ನಂಗೆ ಯಾರು ಏನು ಅಂತ ಗೊತ್ತಾಗ್ಲಿಲ್ಲ. ಗಿಡದ ವಿಷ್ಯ ಎಲ್ಲ ನಮ್ಮನೆಯೋಳೇ ನೋಡ್ಕೋತಿದ್ಲು."

"ನಿಮ್ಮನೆಯೋರು ಬಹಳ ಒಳ್ಳೆಯೋರು" ಅಂದರು ಅತ್ತೆ.

ಅವರ ಮುಖ ಅರಳಿತು. "ನಿಮ್ಗೆ ಪರಿಚಯ ಇತ್ತಾ ಅವಳದ್ದು? ಯಾವತ್ತೂ ಹೇಳೇ ಇಲ್ಲ ನೋಡಿ."

"ಪರಿಚಯ ಏನಿಲ್ಲ. ಮಾತಾಡಿಲ್ಲ ನಾವು."

ಅವರಿಗೆ ಏನು ಅರ್ಥವಾಯಿತೋ. ಕಾಫಿ ಕುಡಿದರು, ಕಣ್ಣೊರೆಸಿಕೊಂಡರು. ಎದ್ದು ಹೋಗುವಾಗ, "ಇನ್ಮೇಲೆ ನೀವು ಕದ್ದು ಮುಚ್ಚಿ ಬರ್ಬೇಡಿ. ಗೇಟು ನಿಮ್ಗೆ ಯಾವಾಗ್ಲೂ ತೆಗ್ದಿರುತ್ತೆ. ಇಡೀ ಗಿಡಾನೇ ಬೇಕಾದ್ರೂ ತಗೊಂಡ್ಹೋಗಿ" ಅಂದರು. ಮಾರನೇ ದಿನ ಅವರ ಗೇಟಿನಲ್ಲಿ ಒಂದು ಬೋರ್ಡು ತೂಗಿತು. ಅಜ್ಜಿಗೆ ಸ್ವಾಗತ, ಬೇಕಾದ್ದು ತೆಗೆದುಕೊಳ್ಳಿ. ಅದರ ಫೋಟೋ ಗ್ರೂಪಿಗೆ ಬಂತು. ಹೃದಯಗಳ ಸುರಿಮಳೆ. ನೋಡಿ ಕಣ್ಣು ತುಂಬಿತು ಅಂತ ಬರೆದವರಲ್ಲಿ ನಾನೂ ಒಬ್ಬಳು. ನಿಜವಾಗಿಯೂ ತುಂಬಿತ್ತು. ನಮ್ಮ ಬೆಂಗಳೂರಿನಲ್ಲಿ ಇನ್ನೂ ಇಂಥ ಜನ ಇದ್ದಾರಲ್ಲ ಅನ್ನಿಸಿತು.

ಆಮೇಲೆ ಬೀದಿಗೆ ಬೀದಿಯೇ ಶುರು ಮಾಡಿತು. ಅತ್ತೆ ಮತ್ತೆ ಒಂದೆರಡು ಸಲ ಬ್ಯಾಗು ಹಿಡಿದು ಹೊರಟರು. ಹೆಜ್ಜೆಗೊಬ್ಬರು ಗೇಟಿನಿಂದ ಕರೆಯುತ್ತಿದ್ದರು. ಬನ್ನಿ ಅಜ್ಜಿ, ಇದು ನೋಡಿ ಅಜ್ಜಿ, ನಿಮಗೋಸ್ಕರ ಇಟ್ಟಿದೀವಿ ಅಜ್ಜಿ. ಯಾರೋ ಒಬ್ಬರು ಕತ್ತರಿಯನ್ನೇ ಕೈಗೆ ಕೊಟ್ಟರಂತೆ. ಇನ್ನೊಬ್ಬರು ಜೊತೆ ನಿಂತು ಸೆಲ್ಫಿ ತೆಗೆದುಕೊಂಡರಂತೆ. ಅತ್ತೆ ಕೈ ತುಂಬಾ ಹಿಡಿದುಕೊಂಡು, ಮುಖ ಇಳಿಸಿಕೊಂಡು ಬಂದರು.

"ಚೆನ್ನಾಗಿದೆ ಅಲ್ವಾ ಅತ್ತೆ, ಎಲ್ರೂ ಎಷ್ಟು ಪ್ರೀತಿಯಿಂದ ಕೊಟ್ಟಿದಾರೆ."

"ಹೂಂ. ಭಿಕ್ಷೆಗೆ ಹೋಗಿ ಬಂದ ಹಂಗಿದೆ" ಅಂದು ಒಳಗೆ ಹೋದರು.

ಅತ್ತೆ ಹೋಗುವುದನ್ನು ನಿಲ್ಲಿಸಿದ ಮೇಲೆ ಜನ ಮನೆಗೇ ತಂದು ಕೊಟ್ಟರು. ಅಜ್ಜಿಗೆ ಹುಷಾರಿಲ್ವಾ, ಪಾಪ, ಇದು ಕೊಡಿ. ಬಾಲ್ಕನಿ ತುಂಬಿ ಹಾಲಿಗೆ ಬಂತು, ಹಾಲಿನಿಂದ ರೂಮಿಗೆ. ನಾನು ಒಬ್ಬರಿಗೂ ಬೇಡ ಅನ್ನಲಿಲ್ಲ. ಪ್ರೀತಿಯಿಂದ ತಂದವರಿಗೆ ಹೇಗೆ ಅನ್ನುವುದು? ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಕೊಟ್ಟ ಗಿಡ ಬೇರು ಬಿಡುವುದಿಲ್ಲ ಅನ್ನುವ ಅತ್ತೆಯ ನಂಬಿಕೆ ಸುಳ್ಳು. ಎಲ್ಲವೂ ಬೇರು ಬಿಟ್ಟವು, ಹುಲುಸಾಗಿ ಬೆಳೆದವು. ನೀವು ಫೋಟೋದಲ್ಲಿ ನೋಡಿ ಹೊಗಳುತ್ತೀರಲ್ಲ, ಅವೇ. ಒಣಗಿದ್ದು ಬೇರೆ.

ಡಾಕ್ಟರು ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು. "ಏನಮ್ಮ, ಗಿಡ ಎಲ್ಲ ಬಿಟ್ಬಿಟ್ರಾ?"

"ಇಲ್ಲ ಡಾಕ್ಟ್ರೇ, ಈಗ ಮನೆ ತುಂಬಾ ಇದೆ."

"ಮತ್ತೆ ಯಾಕೆ ಹೀಗೆ?"

ಅತ್ತೆ ನನ್ನ ಕಡೆ ನೋಡಿದರು, ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಡಾಕ್ಟರು ಇನ್ಸುಲಿನ್ ಬರೆದರು. ಪಾದದಲ್ಲಿ ಸ್ಪರ್ಶ ಕಡಿಮೆಯಾಗುತ್ತಿದೆ, ಈಗಲಾದರೂ ನಡೆಸಿ ಅಂತ ನನ್ನನ್ನು ಹೊರಗೆ ಕರೆದು ಹೇಳಿದರು.

ಆಗ ನನಗೊಂದು ಉಪಾಯ ಹೊಳೆಯಿತು. ಮೂಲೆಮನೆಗೆ ಹೋದೆ. ಯಜಮಾನರಿಗೆ ಎಲ್ಲ ಬಿಡಿಸಿ ಹೇಳಿದೆ, ಕೆಮ್ಮು, ಪೇಪರು, ಎಲ್ಲ. ಅವರು ಎದ್ದು ಹೋಗಿ ಖಾಲಿ ಬೆತ್ತದ ಕುರ್ಚಿಯ ಮೇಲೆ ಕೈಯಿಟ್ಟರು.

"ದಿನಾ ಬೆಳಗ್ಗೆ ಒಂದೇ ಪುಟ ಹಿಡ್ಕೊಂಡು ಎಷ್ಟೊತ್ತು ಓದ್ತೀಯೇ ಅಂತ ರೇಗಿಸ್ತಿದ್ದೆ ಅವಳನ್ನ" ಅಂದರು ಕೊನೆಗೆ. "ನಂಗೂ ಹೇಳ್ಲಿಲ್ವಲ್ಲಮ್ಮ."

"ಹೇಳೋ ಹಾಗಿಲ್ವಂತೆ ಸಾರ್."

"ಸರಿ. ಈಗ ನಾನೇನ್ ಮಾಡ್ಬೇಕು ಹೇಳಿ."

ಬೋರ್ಡು ತೆಗೆಸಿದೆವು. ಕ್ಯಾಮೆರಾದ ಮೂತಿಯನ್ನು ಬೀದಿಯ ಆಚೆ ಕಡೆಗೆ ತಿರುಗಿಸಿದರು. ಗೇಟಿನ ಪಕ್ಕದಲ್ಲಿ ಅವರ ಹೆಂಡತಿ ಇಟ್ಟಿದ್ದ ಹಳದಿ ದಾಸವಾಳ ಇತ್ತು, ನಮ್ಮ ಬಾಲ್ಕನಿಯಲ್ಲಿ ಇಲ್ಲದ ಒಂದೇ ಬಣ್ಣ. ಮುಂದಿನ ಭಾನುವಾರ ಬೆಳಗ್ಗೆ ಅವರು ಜಗಲಿಯ ಆ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂರಬೇಕು. ನಾನು ದೇವಸ್ಥಾನದ ನೆಪ ಹೇಳಿ ಅತ್ತೆಯನ್ನು ಆ ದಾರಿಯಲ್ಲಿ ತರಬೇಕು. ಇಬ್ಬರೂ ಮಕ್ಕಳ ನಾಟಕಕ್ಕೆ ತಯಾರಾಗುವವರ ಹಾಗೆ ಮಾತಾಡಿಕೊಂಡೆವು.

ಅತ್ತೆ ಬಂದರು. ನನ್ನ ತೋಳು ಹಿಡಿದು, ಪ್ರತಿ ಗೇಟಿನ ಮುಂದೆ ಒಂದು ಗಳಿಗೆ ನಿಂತು ಉಸಿರು ತೆಗೆದುಕೊಂಡು ಬಂದರು. ಮೂಲೆಮನೆ ಕಂಡಿತು. ಬೋರ್ಡಿಲ್ಲ. ಹಳದಿ ದಾಸವಾಳದ ಕೊಂಬೆ ಗೇಟಿನ ಸರಳುಗಳಿಂದ ಆಚೆ ಬಂದಿತ್ತು. ಜಗಲಿಯಲ್ಲಿ ಪೇಪರು ಮುಖದ ಮಟ್ಟಕ್ಕೆ ಏರಿತ್ತು. ಅತ್ತೆಯ ಹಿಡಿತ ನನ್ನ ತೋಳಿನ ಮೇಲೆ ಸಡಿಲವಾಯಿತು. ಅವರು ತಾವಾಗಿ ಎರಡು ಹೆಜ್ಜೆ ಮುಂದೆ ಹೋದರು.

ಅತ್ತೆ ಕೆಮ್ಮಲಿಲ್ಲ. ಜಗಲಿಯ ಕಡೆ ನೋಡುತ್ತಾ ನಿಂತರು. ಪೇಪರು ಅಲುಗಾಡಲಿಲ್ಲ. ಅತ್ತೆ ಹಿಂದೆ ತಿರುಗಿ ನನ್ನ ಕೈ ಹಿಡಿದುಕೊಂಡರು.

"ನಡಿ ಹೋಗೋಣ."

"ಯಾಕತ್ತೆ? ಹಳದಿ ದಾಸವಾಳ ಅದು. ಅವ್ರು ಪೇಪರ್ ಓದ್ತಿದಾರೆ."

"ಕನ್ನಡಕ ಅಲ್ಲಿ ಸ್ಟೂಲ್ ಮೇಲಿದೆ. ಕನ್ನಡಕ ಇಲ್ದೆ ಏನ್ ಓದ್ತಾರೆ ಅವರು?"

ದೇವಸ್ಥಾನಕ್ಕೂ ಹೋಗಲಿಲ್ಲ. ವಾಪಸು ಬರುವ ದಾರಿಯಲ್ಲಿ ಅತ್ತೆ ಒಂದೇ ಮಾತಾಡಿದ್ದು. "ಆಯಮ್ಮ ಓದ್ತಿದ್ರೋ, ನನ್ನ ನೋಡ್ತಿದ್ರೋ, ಅಷ್ಟು ವರ್ಷ ಆದ್ರೂ ನಂಗೆ ಗೊತ್ತಾಗ್ಲಿಲ್ಲ." ಸ್ವಲ್ಪ ತಡೆದು, "ಪಾಪ ಅವ್ರನ್ನ ಬಿಸ್ಲಲ್ಲಿ ಕೂರಿಸಿದೀಯ. ಹೋಗಿ ಒಳಗ್ ಹೋಗಕ್ಕೆ ಹೇಳು" ಅಂದರು.

ಅವರು ತಾವಾಗಿ ಬೀದಿಯಲ್ಲಿ ಇಟ್ಟ ಕೊನೆಯ ಹೆಜ್ಜೆಗಳು ಆ ಎರಡೇ.

ಅದಾದ ಮೇಲೆ ಅತ್ತೆಯ ಕಾಲ್ಬೆರಳಿಗೆ ಗಾಯವಾಯಿತು. ಯಾರೋ ಕೊಟ್ಟ ಕುಂಡದ ಅಂಚು ತಗುಲಿದ್ದು, ಅವರಿಗೆ ಗೊತ್ತೇ ಆಗಿರಲಿಲ್ಲ. ವಾಸಿಯಾಗಲು ಬಹಳ ಕಾಲ ಹಿಡಿಯಿತು. ಈಗ ವಾಕರ್ ಹಿಡಿದು ರೂಮಿನಿಂದ ಬಾಲ್ಕನಿ, ಬಾಲ್ಕನಿಯಿಂದ ರೂಮು. ಗಿಡಗಳ ಮಧ್ಯೆ ದಾರಿ ಸಣ್ಣದು, ಒಂದಷ್ಟು ಕುಂಡ ತೆಗೆಸೋಣ ಅಂದರೆ ಬೇಡ ಅನ್ನುತ್ತಾರೆ. "ಕೊಟ್ಟಿದ್ದು. ಹಂಗೆಲ್ಲ ಎಸೆಯೋಕಾಗಲ್ಲ." ನೀರು ಹಾಕುವುದು ನಾನು. ಬಂದವರೆಲ್ಲ ಬಾಲ್ಕನಿಯಲ್ಲಿ ನಿಂತು ಉಸಿರು ಎಳೆದುಕೊಂಡು, ಎಂಥ ಗಾಳಿ, ಅಜ್ಜಿ ನೂರು ವರ್ಷ ಬಾಳುತ್ತಾರೆ ಅನ್ನುತ್ತಾರೆ.

ಹಾಗಾಗಿ ಶುಗರಿಗೆ ಯಾವ ಗಿಡ ಅಂತ ಕೇಳಿದವರಿಗೆ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮ ಕಾಂಪೌಂಡಿನ ಹತ್ತಿರ ಬ್ಯಾಗು ಹಿಡಿದ ಯಾರಾದರೂ ಬಂದು ಕೆಮ್ಮಿದರೆ ಒಳಗೆ ಏನೋ ಕೆಲಸ ಇದೆ ಅಂತ ಎದ್ದು ಹೋಗಿ. ಅವರನ್ನು ಕರೆಯಬೇಡಿ, ಕೊಡಬೇಡಿ. ಇದನ್ನು ಹೇಳಬಾರದಂತೆ, ಆದರೂ ಹೇಳಿದ್ದೇನೆ. ಹೇಳದೆ ಬಿಟ್ಟರೆ ಯಾರಿಗೂ ಗೊತ್ತಾಗದೇ ಹೋಗುವ ಕಾಲ ಬಂದಿದೆ.

ಮೊನ್ನೆ ಬೆಳಗ್ಗೆ ಅತ್ತೆಯ ತಲೆ ಬಾಚುತ್ತಿದ್ದೆ, ಬಾಲ್ಕನಿಯಲ್ಲಿ. ನಮ್ಮ ಮನಿ ಪ್ಲಾಂಟಿನ ಬಳ್ಳಿ ಸಜ್ಜೆಯಿಂದ ಇಳಿದು ಕೆಳಗಿನ ಗೇಟಿನ ಕಮಾನಿನ ತನಕ ಹೋಗಿದೆ. ಕೆಳಗಿನ ಮನೆಯ ಹಿಂಭಾಗಕ್ಕೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ, ಯಾವುದೋ ಆಫೀಸಿಗೆ ಹೋಗುತ್ತಾಳೆ, ಹೆಗಲಿಗೆ ಬ್ಯಾಗು ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಅತ್ತಿತ್ತ ನೋಡಿದಳು. ಕೈ ಎತ್ತಿ ಬಳ್ಳಿಯ ತುದಿ ಹಿಡಿದಳು.

"ಅತ್ತೆ, ನೋಡಿ ಅಲ್ಲಿ" ಅನ್ನಲು ಬಾಯಿ ತೆರೆದೆ.

ಅತ್ತೆ ಆಗಲೇ ನೋಡಿಯಾಗಿತ್ತು. ನನ್ನ ಕೈಯಲ್ಲಿದ್ದ ಜಡೆ ಎಳೆದುಕೊಂಡು ಹೋಗುವಷ್ಟು ಬೇಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. "ಈ ಕಡೆ ತಿರುಗು ನೀನೂ" ಅಂದರು ಮೆಲ್ಲಗೆ.

ಇಬ್ಬರೂ ಗೋಡೆ ನೋಡುತ್ತಾ ಉಳಿದೆವು, ಅವರು ಕೂತು, ನಾನು ನಿಂತು. ಗೇಟು ಕಿರುಗುಟ್ಟಿ ಮುಚ್ಚಿದ ಸದ್ದಾಯಿತು. ಚಪ್ಪಲಿ ಸದ್ದು ಬೀದಿಗಿಳಿದು ಮೂಲೆಯ ಕಡೆಗೆ ಹೋಯಿತು. ಅತ್ತೆ ಆ ಸದ್ದು ಮುಗಿಯುವ ತನಕ ಕೇಳಿಸಿಕೊಂಡರು.

"ಗೆಣ್ಣಿನ ಕೆಳಗೆ ಮುರಿದ್ಲಾ?"

"ನೋಡ್ಬೇಡ ಅಂದ್ರಲ್ಲ ಅತ್ತೆ."

"ಹೌದಲ್ವಾ" ಅಂದರು. ಆಮೇಲೆ ಬಗ್ಗಿ ತಮ್ಮ ಪಾದಗಳನ್ನು ಒಂದು ಸಲ ಮುಟ್ಟಿ ನೋಡಿಕೊಂಡರು. "ಬಾಚು."